ತಿಪ್ಪಕ್ಕ ಹಡ್ಲು ಒಡೆದದ್ದು

ಒಂದು ಕಾಡಿನಲ್ಲಿ, ಮೂರು ಗುಡ್ಡಗಳ ನಡುವಿನ ತಗ್ಗಿನಲ್ಲಿ, ಒಂದು ಹಡ್ಲು ಇತ್ತು. ಹಡ್ಲು ಅಂದರೆ ಕೆರೆಯಲ್ಲ, ಗದ್ದೆಯೂ ಅಲ್ಲ. ಮೇಲಿನಿಂದ ನೋಡಿದರೆ ಹಸಿರು ಹುಲ್ಲು, ಕಾಲಿಟ್ಟರೆ ಮೊಣಕಾಲುದ್ದ ಕೆಸರು. ಮಳೆಗಾಲದಲ್ಲಿ ಮೂರೂ ಗುಡ್ಡಗಳ ನೀರು ಅಲ್ಲಿಗೇ ಇಳಿದು ಬರುತ್ತಿತ್ತು. ಬಂದ ನೀರು ಓಡಿಹೋಗುತ್ತಿರಲಿಲ್ಲ. ಯಾಕೆಂದರೆ ಹಡ್ಲಿನ ಕೆಳತುದಿಯಲ್ಲಿ ಮಣ್ಣು, ಕಲ್ಲು ಸೇರಿದ ಒಂದು ದಿಬ್ಬ ಅಡ್ಡ ಕೂತಿತ್ತು. ದಿಬ್ಬದ ಮೇಲೆ ಕೇದಿಗೆ ಪೊದೆ ಬೆಳೆದು, ಅದರ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಹಾಗಾಗಿ ಹಡ್ಲು ವರ್ಷವಿಡೀ ಒದ್ದೆಯಾಗಿಯೇ ಇರುತ್ತಿತ್ತು.

ದಿಬ್ಬದಿಂದ ಒಂದು ಕೂಗಳತೆ ಕೆಳಗೆ ದೊಡ್ಡದೊಂದು ಬಂಡೆ. ಅದಕ್ಕೆ ಹಾಲುಬಂಡೆ ಅಂತ ಹೆಸರು. ಅದರ ಬುಡದ ಸೀಳಿನಿಂದ ತಣ್ಣನೆಯ ನೀರು ಹೊರಗೆ ಬರುತ್ತಿತ್ತು. ಸುಡುಬೇಸಗೆಯಲ್ಲೂ ಅದು ನಿಂತದ್ದನ್ನು ಯಾರೂ ನೋಡಿರಲಿಲ್ಲ. ಅದೇ ನೀರು ಮುಂದೆ ಹಳ್ಳವಾಗಿ ಹರಿಯುತ್ತಿತ್ತು. ಕಾಡಿನ ಪ್ರಾಣಿಗಳೆಲ್ಲ ಆ ಬಂಡೆಯನ್ನು ದೇವರ ಹಾಗೆ ಕಾಣುತ್ತಿದ್ದವು. ಮಳೆ ನಿಂತ ಮೇಲೆ ಒಂದು ದಿನ ಕಾಟಿ ಎಂಬ ಕಾಡುಕೋಣಗಳು, ಕಡವೆ, ಜಿಂಕೆ ಎಲ್ಲ ಸಾಲಾಗಿ ಬಂದು ಬಂಡೆಗೆ ಹಣೆ ಉಜ್ಜುತ್ತಿದ್ದವು. "ತಾಯೀ, ಈ ವರ್ಷವೂ ನೀರು ಕೊಡಮ್ಮ" ಅನ್ನುತ್ತಿದ್ದವು. ಮೇಲಿನ ಹಡ್ಲಿಗೆ ಮಾತ್ರ ಹಣೆಯೂ ಇಲ್ಲ, ಮಾತೂ ಇಲ್ಲ. ಜಿಗಣೆ, ಸೊಳ್ಳೆ, ಗಬ್ಬುವಾಸನೆ! ಅದು ಹಂದಿಗಳು ಬಿದ್ದು ಹೊರಳುವ ಜಾಗ ಅಂತ ಎಲ್ಲರೂ ಮೂಗು ಮುರಿಯುತ್ತಿದ್ದರು.

ಆ ಹಡ್ಲಿನ ನಡುಮಧ್ಯದಲ್ಲಿ ತಿಪ್ಪಕ್ಕ ಎಂಬ ಕಾಡುಹಂದಿ ವಾಸವಾಗಿದ್ದಳು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಆರು ಮರಿಗಳಾಗಿದ್ದವು. ಮೈಮೇಲೆ ಎಳೆ ಎಳೆ ಗೆರೆಯಿದ್ದ ಮುದ್ದಾದ ಮರಿಗಳು. ಹುಲ್ಲಿನ ಗುಡ್ಡೆ ಹಾಕಿ, ಅದರೊಳಗೆ ಅವನ್ನು ಮಲಗಿಸಿ, ತಾನು ಪಕ್ಕದಲ್ಲೇ ಕೆಸರಿನಲ್ಲಿ ಒರಗಿಕೊಳ್ಳುತ್ತಿದ್ದಳು. ಸುತ್ತ ಅಷ್ಟು ದೂರ ಕೆಸರು. ಚಿರತೆಯಾಗಲಿ, ಸೀಳುನಾಯಿಯಾಗಲಿ ಅಲ್ಲಿಗೆ ಕಾಲಿಡುವ ಮಾತೇ ಇರಲಿಲ್ಲ. ಇಷ್ಟು ಒಳ್ಳೆಯ ಮನೆ ಆ ಕಾಡಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ ನೋಡಿ. ಆದರೆ ತಿಪ್ಪಕ್ಕನಿಗೆ ಅದರ ಬಗ್ಗೆ ಒಂದು ದಿನವೂ ಹೆಮ್ಮೆ ಅನ್ನಿಸಿರಲಿಲ್ಲ. ಅವಳಿಗೆ ಅದು ನಾಚಿಕೆಯ ಜಾಗ.

ನಾಚಿಕೆಗೆ ಕಾರಣ ಇತ್ತು. ಹಂದಿಗಳು ಹಾಲುಬಂಡೆಯ ಹತ್ತಿರ ಹೋಗುವ ಹಾಗಿರಲಿಲ್ಲ. ಮೊದಲು ಕಾಟಿಗಳು ಬಂಡೆಯ ಬುಡದಲ್ಲಿ ಕುಡಿಯಬೇಕು. ಆಮೇಲೆ ಕಡವೆ, ಆಮೇಲೆ ಜಿಂಕೆ. ಹಂದಿಗಳು ಹಳ್ಳದ ತಿರುವಿನ ಕೆಳಗೆ, ಎಲ್ಲರ ಕಾಲು ತೊಳೆದ ನೀರನ್ನು, ಎಲ್ಲರೂ ಹೋದ ಮೇಲೆ ಕುಡಿಯಬೇಕು. ಯಾವ ಕಾಲದಲ್ಲಿ ಯಾರು ಈ ಕಟ್ಟಳೆ ಮಾಡಿದರೋ ಯಾರಿಗೂ ಗೊತ್ತಿರಲಿಲ್ಲ. ತಿಪ್ಪಕ್ಕನ ಅವ್ವ ಸಾಯುವವರೆಗೂ ಹಾಗೇ ಕುಡಿದಳು. ತಿಪ್ಪಕ್ಕನೂ ಹಾಗೇ ಕುಡಿಯುತ್ತಿದ್ದಳು.

ಒಂದು ದಿನ ಅವಳು ಮರಿಗಳನ್ನು ಮೊದಲ ಸಲ ನೀರಿಗೆ ಕರೆದುಕೊಂಡು ಬಂದಳು. ಐದು ಮರಿಗಳು ಅವ್ವನ ಕಾಲಿಗೆ ಅಂಟಿಕೊಂಡೇ ಇದ್ದವು. ಎಲ್ಲಕ್ಕಿಂತ ಸಣ್ಣವಳು ಗೆಜ್ಜಿ ಮಾತ್ರ ಮೂತಿ ಎತ್ತಿಕೊಂಡು ಹಳ್ಳದ ಗುಂಟ ಮೇಲಕ್ಕೆ ಓಡಿದಳು. ಸೀದಾ ಬಂಡೆಯ ಬುಡಕ್ಕೇ ಹೋಗಿ ನೀರಿಗೆ ಬಾಯಿ ಇಟ್ಟಳು.

ಅಲ್ಲಿ ಕಾಟಯ್ಯ ನಿಂತಿದ್ದ. ಕಾಟಿಗಳ ಹಿಂಡಿಗೆ ಅವನೇ ಹಿರಿಯ. ಬುಸ್ ಎಂದು ಉಸಿರು ಬಿಟ್ಟು, ಕೊಂಬಿನ ತುದಿಯಿಂದ ಗೆಜ್ಜಿಯನ್ನು ಎತ್ತಿ ಪಕ್ಕದ ಕಲ್ಲಿನ ಮೇಲೆ ಒಗೆದ.

"ಏ ತಿಪ್ಪೀ! ನಿನ್ನ ಪಿಳ್ಳೆಗಳನ್ನ ಹದ್ದುಬಸ್ತಿನಲ್ಲಿ ಇಟ್ಕೊಳ್ಳೋಕೆ ಆಗಲ್ವಾ? ಎಲ್ಲರೂ ಕುಡಿಯೋ ನೀರಿಗೆ ಕೆಸರಿನ ಬಾಯಿ ಇಡಿಸ್ತೀಯಾ?"

"ತಪ್ಪಾಯ್ತು ಅಯ್ಯಾ. ಚಿಕ್ಕದು, ಗೊತ್ತಾಗಲಿಲ್ಲ" ಎಂದಳು ತಿಪ್ಪಕ್ಕ.

ಕಡವೆಗಳು ಮುಖ ಆಚೆ ತಿರುಗಿಸಿದವು. ಜಿಂಕೆಗಳು ಒಂದಕ್ಕೊಂದು ನೋಡಿ ಮೀಸೆಯಲ್ಲೇ ನಕ್ಕವು. ತಿಪ್ಪಕ್ಕ ಕುಂಟುತ್ತಿದ್ದ ಮರಿಯನ್ನು ಮೂತಿಯಿಂದ ತಳ್ಳಿಕೊಂಡು ಕೆಳಗೆ ಬಂದಳು. ದಾರಿಯಲ್ಲಿ ಗೆಜ್ಜಿ ಅಳಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಅವ್ವಾ, ನಾವ್ಯಾಕೆ ಮೇಲೆ ಕುಡೀಬಾರ್ದು?"

ತಿಪ್ಪಕ್ಕ ಮರಿಯ ಕಾಲು ನೆಕ್ಕಿ, ನಡೆ ನಡೆ ಎಂದಳು. ಆ ದಿನ ಅವಳಿಗೆ ಊಟ ಸೇರಲಿಲ್ಲ. ಗೆಡ್ಡೆ ಅಗೆದಳು, ಅಲ್ಲೇ ಬಿಟ್ಟಳು. ನನ್ನ ಮಕ್ಕಳು ಒಂದು ಸಲವಾದರೂ ಬಂಡೆಯ ಬುಡದಲ್ಲಿ ನಿಂತು ಎಲ್ಲರ ಎದುರಿಗೆ ನೀರು ಕುಡಿಯಬೇಕು ಅನ್ನುವುದೊಂದೇ ಅವಳ ತಲೆಯೊಳಗೆ ಕೂತುಬಿಟ್ಟಿತು.

ಈ ಸಂಗತಿಯನ್ನೆಲ್ಲ ಮರದ ಮೇಲಿನಿಂದ ನೋಡಿದವನು ಒಬ್ಬನಿದ್ದ. ಅವನ ಹೆಸರು ಚೆನ್ನಿಗ. ಕಾಡುಬೆಕ್ಕು. ಮಾತು ಬಲು ನಯ, ನಡೆ ಇನ್ನೂ ನಯ. ಅವನಿಗೆ ಹಡ್ಲು ಎಂದರೆ ಬಾಯಲ್ಲಿ ನೀರೂರುತ್ತಿತ್ತು. ಅಲ್ಲಿ ಎಷ್ಟು ಕಪ್ಪೆ! ಎಷ್ಟು ಏಡಿ! ಕೆಸರಿನೊಳಗೆ ಹೊರಳುವ ಕೊಬ್ಬಿದ ಮೀನುಗಳು! ಈಗ ನೋಡಿದರೆ ಆರು ಎಳೆಯ ಹಂದಿಮರಿಗಳು ಬೇರೆ. ಆದರೆ ಬೆಕ್ಕಿನ ಜಾತಿ, ಕಾಲು ಒದ್ದೆಯಾದರೆ ಜೀವ ಹೋದ ಹಾಗೆ ಆಡುತ್ತಿದ್ದ. ಹಡ್ಲಿನ ಅಂಚಿನಲ್ಲಿ ಕೂತು, ಮೀಸೆ ನೆಕ್ಕಿಕೊಂಡು, ಬರಿಹೊಟ್ಟೆಯಲ್ಲಿ ವಾಪಸ್ಸು ಹೋಗುವುದೇ ಅವನ ಪಾಡಾಗಿತ್ತು.

ಚೆನ್ನಿಗ ಮೊದಲು ಕಾಟಯ್ಯನ ಹತ್ತಿರ ಹೋದ.

"ಅಯ್ಯಾ, ಹೋದ ವರ್ಷ ನಿಮ್ಮ ಕರು ಆ ಹಡ್ಲಿನಲ್ಲಿ ಹೂತು ಹೋಯ್ತಲ್ಲ, ನೆನೆಸಿಕೊಂಡರೆ ನನಗೆ ಈಗಲೂ ಕಣ್ಣಲ್ಲಿ ನೀರು ಬರುತ್ತೆ" ಎಂದ.

ಆ ಕರು ಮೂರು ದಿನ ಕೂಗಿತ್ತು. ಕಾಟಯ್ಯನ ಕಿವಿಯಲ್ಲಿ ಆ ಕೂಗು ಇನ್ನೂ ಇತ್ತು.

"ಆ ದಿಬ್ಬ ಒಂದು ಒಡೆದರೆ ಕೆಸರೆಲ್ಲ ಇಳಿದು ಹೋಗುತ್ತೆ ಅಯ್ಯಾ. ಅಷ್ಟು ಜಾಗವೂ ಗಟ್ಟಿ ಹುಲ್ಲುಗಾವಲಾಗುತ್ತೆ. ಕರುಗಳು ಕುಣಿದಾಡಬಹುದು. ಕುಡಿಯೋಕೆ ಹಾಲುಬಂಡೆ ತಾಯಿ ಇದ್ದೇ ಇದ್ದಾಳೆ."

"ಕೇದಿಗೆ ಬೇರು ಕೀಳೋರು ಯಾರು? ನಮ್ಮ ಕೊಂಬಿಗೆ ಆಗೋ ಕೆಲಸ ಅಲ್ಲ ಅದು" ಎಂದ ಕಾಟಯ್ಯ.

"ಅದನ್ನ ನನಗೆ ಬಿಡಿ. ಒಂದು ಮಾತು ಕೊಡಿ ಸಾಕು. ಕೆಲಸ ಮಾಡಿದವರು ಬಂಡೆಯಲ್ಲಿ ನಿಮ್ಮ ಜೊತೆ ಕುಡೀಬಹುದು ಅಂತ."

ಕಾಟಯ್ಯ ತುಂಬ ಹೊತ್ತು ಮೆಲುಕು ಹಾಕಿದ. ಕೊನೆಗೆ ಆಗಲಿ ಎಂದು ತಲೆ ಅಲ್ಲಾಡಿಸಿದ.

ಮಾರನೆಯ ಮಧ್ಯಾಹ್ನ ಚೆನ್ನಿಗ ಹಡ್ಲಿನ ಅಂಚಿನ ಒಣಗಲ್ಲಿನ ಮೇಲೆ ಬಂದು ಕೂತ. ಬಾಲವನ್ನು ಕಾಲಿಗೆ ಸುತ್ತಿಕೊಂಡು, "ತಿಪ್ಪಕ್ಕಾ, ಓ ತಿಪ್ಪಕ್ಕಾ! ಊಟ ಆಯ್ತಾ?" ಎಂದು ಕೂಗಿದ.

ತಿಪ್ಪಕ್ಕನಿಗೆ ಆಶ್ಚರ್ಯ. ಅಕ್ಕ ಅಂತ ಅವಳನ್ನು ಆ ಕಾಡಿನಲ್ಲಿ ಯಾರೂ ಕರೆದವರಿರಲಿಲ್ಲ. ಕೆಸರಿನಿಂದ ಎದ್ದು ಬಂದಳು.

"ಮಗೂಗೆ ಹೇಗಿದೆ ಅಕ್ಕಾ? ನನಗಂತೂ ನೋಡೋಕೆ ಆಗಲಿಲ್ಲ. ಏನು ಮಾಡಿತ್ತು ಅದು, ಪಾಪ? ನೀರು ಕುಡಿದದ್ದೂ ತಪ್ಪಾ?"

ಅಷ್ಟಕ್ಕೇ ತಿಪ್ಪಕ್ಕ ಇನ್ನೆರಡು ಹೆಜ್ಜೆ ಅವನ ಹತ್ತಿರ ಬಂದಳು. ಚೆನ್ನಿಗ ಮೆಲ್ಲಗೆ ವಿಷಯ ಬಿಚ್ಚಿದ. ದಿಬ್ಬ ಒಡೆಯಬೇಕು. ಅದು ಹಂದಿಯ ಮೂತಿಗೆ ಮಾತ್ರ ಆಗುವ ಕೆಲಸ. ಒಡೆದರೆ ಅವಳೂ ಅವಳ ಮಕ್ಕಳೂ ಬಂಡೆಯ ಬುಡದಲ್ಲಿ, ಕಾಟಿಗಳ ಪಕ್ಕದಲ್ಲೇ ಕುಡಿಯಬಹುದು. ಕಾಟಯ್ಯ ಮಾತು ಕೊಟ್ಟಾಗಿದೆ.

ತಿಪ್ಪಕ್ಕನಿಗೆ ಆಗಲೇ ಒಪ್ಪಿಬಿಡುವ ಆಸೆ. ಆದರೂ ಅವಳು ಒಂದು ಮಾತು ಕೇಳಿದಳು. "ಚೆನ್ನಿಗಪ್ಪಾ, ಆ ದಿಬ್ಬ ಒಡೆದರೆ ಬಂಡೆಗೆ ನೀರು ಎಲ್ಲಿಂದ ಬರುತ್ತೆ?"

"ಹಂಗಂದ್ರೆ?"

"ಈ ಹಡ್ಲಿನ ನೀರೇ ಅಲ್ವಾ ಬಂಡೆಯಲ್ಲಿ ಬರೋದು? ದಿಬ್ಬದ ಬುಡಕ್ಕೆ ಮೂತಿ ಒತ್ತಿ ಸುಮ್ಮನೆ ಇದ್ದರೆ ಗೊತ್ತಾಗುತ್ತೆ. ಒಳಗೊಳಗೇ ನೀರು ಸೋಸಿಕೊಂಡು ಕೆಳಕ್ಕೆ ಸರಿಯುತ್ತೆ. ನಮ್ಮವ್ವ ನನಗೆ ತೋರಿಸಿಕೊಟ್ಟಿದ್ಳು."

ಚೆನ್ನಿಗ ನಕ್ಕುಬಿಟ್ಟ. "ಅಯ್ಯೋ ಅಕ್ಕಾ! ಕೆಸರಿನಿಂದ ಅಷ್ಟು ತಿಳಿನೀರು ಬರುತ್ತಾ? ಬಂಡೆಯ ಹೊಟ್ಟೆಯಲ್ಲಿ ಹುಟ್ಟೋ ನೀರಮ್ಮ ಅದು. ಬೇಕಾದರೆ ನಾಳೆ ಹಣೆ ಉಜ್ಜೋ ದಿನ, ಎಲ್ಲರೂ ಸೇರ್ತಾರೆ. ನೀನೇ ಬಂದು ಕೇಳು."

ತಿಪ್ಪಕ್ಕ ಹೋದಳು. ಬಂಡೆಯಿಂದ ದೂರದಲ್ಲಿ ನಿಂತು, ತಲೆ ತಗ್ಗಿಸಿಕೊಂಡು, ತನಗೆ ಗೊತ್ತಿದ್ದದ್ದನ್ನು ಹೇಳಿದಳು. ಹಡ್ಲಿನ ನೀರೇ ಬಂಡೆಯ ನೀರು ಎಂದಳು.

ಕಡವೆಯೊಂದು ಕಿಸಕ್ಕನೆ ನಕ್ಕಿತು. "ಅಂದರೆ ಇಷ್ಟು ದಿನ ನಾವು ನೀನು ಬಿದ್ದು ಹೊರಳಿದ ನೀರನ್ನೇ ಕುಡೀತಿದ್ದೀವಾ?"

ಜಿಂಕೆಗಳು ಥೂ ಥೂ ಎಂದವು. ಕಾಟಯ್ಯನ ಕಣ್ಣು ಕೆಂಪಾಯಿತು. "ಏನಂದೆ ತಿಪ್ಪೀ? ತಾಯಿಯ ನೀರಿಗೆ ನಿನ್ನ ಕೆಸರು ಹಚ್ಚುತ್ತೀಯಾ? ಇನ್ನೊಂದು ಸಲ ಹೇಳು ನೋಡೋಣ!"

ತಿಪ್ಪಕ್ಕ ಸುತ್ತ ನೋಡಿದಳು. ಅಷ್ಟೂ ಮುಖಗಳಲ್ಲಿ ಅಸಹ್ಯ. ಅವಳ ಕಾಲಿನ ಹಿಂದೆ ಆರು ಮರಿಗಳು ಬಚ್ಚಿಟ್ಟುಕೊಂಡಿದ್ದವು. ಇನ್ನೊಂದು ಸಲ ಹೇಳಿದರೆ ಬಂಡೆಯ ನೀರು ಇವರಿಗೆ ಜನ್ಮದಲ್ಲೂ ಸಿಗುವುದಿಲ್ಲ. ಸುಮ್ಮನಾದರೆ ನಾಲ್ಕು ದಿನದಲ್ಲೇ ಸಿಗುತ್ತದೆ.

"ತಪ್ಪಾಯ್ತು ಅಯ್ಯಾ. ನನಗೇನು ಗೊತ್ತು, ಬಾಯಿಗೆ ಬಂದದ್ದು ಹೇಳಿಬಿಟ್ಟೆ" ಎಂದಳು ತಿಪ್ಪಕ್ಕ.

ಅಷ್ಟೇ ನೋಡಿ. ಆ ಕಾಡಿನಲ್ಲಿ ನಿಜ ಗೊತ್ತಿದ್ದವಳು ಅವಳೊಬ್ಬಳು, ಅವಳೇ ಅದನ್ನು ನುಂಗಿಕೊಂಡಳು. ಯಾರೂ ಅವಳ ಕುತ್ತಿಗೆ ಹಿಡಿದಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಅವಳು ದಿಬ್ಬ ಅಗೆಯತೊಡಗಿದಳು. ಕೇದಿಗೆ ಮುಳ್ಳು ಮೂತಿಗೆ ಚುಚ್ಚಿ ರಕ್ತ ಬಂತು. ಅವಳು ನಿಲ್ಲಿಸಲಿಲ್ಲ. ಬೇರನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು, ಕಲ್ಲನ್ನು ಉರುಳಿಸಿದಳು. ಹಡ್ಲಿನಲ್ಲೇ ಹುಟ್ಟಿ ಬೆಳೆದ ಮುದಿ ಆಮೆಯೊಂದು ಗದ್ದಲ ಕೇಳಿ ತೆವಳಿಕೊಂಡು ಬಂತು.

"ತಿಪ್ಪೀ, ಏನು ಮಾಡ್ತಿದ್ದೀಯ ಮಗಳೇ? ನಿನ್ನ ತೊಟ್ಟಿಲನ್ನ ನೀನೇ ಮುರೀತಿದ್ದೀಯಲ್ಲೇ!"

"ಸುಮ್ಮನಿರಜ್ಜಿ. ನಿನಗೇನು ಗೊತ್ತು? ನಿನ್ನ ಮಕ್ಕಳನ್ನ ಯಾರೂ ಕೊಂಬಿನಲ್ಲಿ ಎತ್ತಿ ಒಗೆದಿಲ್ಲ."

"ನೀರು ಹೋದರೆ ಮಕ್ಕಳು ಉಳೀತಾವಾ?"

"ಬಂಡೆ ಇದೆ" ಎಂದಳು ತಿಪ್ಪಕ್ಕ. ಆ ಮಾತನ್ನು ಅವಳೇ ನಂಬುತ್ತಿರಲಿಲ್ಲ. ಆದರೆ ನಾಲ್ಕು ಸಲ ಜೋರಾಗಿ ಹೇಳಿಕೊಂಡಳು. ಐದನೆಯ ಸಲಕ್ಕೆ ಅರ್ಧ ನಂಬಿಯೂ ಬಿಟ್ಟಳು.

ಮೂರನೆಯ ದಿನ ದಿಬ್ಬ ಕಿತ್ತುಕೊಂಡಿತು. ಅಬ್ಬಬ್ಬಾ, ಏನು ನೀರು! ಎಷ್ಟೋ ವರ್ಷಗಳಿಂದ ಮಣ್ಣು ಕುಡಿದು ಇಟ್ಟುಕೊಂಡಿದ್ದ ನೀರೆಲ್ಲ ಕೆಂಪಗೆ ನುಗ್ಗಿಕೊಂಡು ಹೋಯಿತು. ಹಳ್ಳ ಎರಡೂ ದಡ ತಿಂದು ಉಕ್ಕಿತು. ಕಾಟಿಗಳು ಗುಡ್ಡದ ಮೇಲೆ ನಿಂತು ಹೋ ಎಂದು ಕೂಗಿದವು. ಚೆನ್ನಿಗ ಬಾಲ ಎತ್ತಿಕೊಂಡು ಅತ್ತಿಂದಿತ್ತ ಓಡಾಡಿದ.

ನೀರಿನ ಅಬ್ಬರ ಇಳಿದ ಮೇಲೆ ಕಾಟಯ್ಯ ಕೊಟ್ಟ ಮಾತು ಉಳಿಸಿಕೊಂಡ. "ಬಾ ತಿಪ್ಪಕ್ಕ" ಎಂದು ಕರೆದ. ಹೌದು, ತಿಪ್ಪಕ್ಕ ಎಂದೇ ಕರೆದ. ಅವಳು ಆರು ಮರಿಗಳನ್ನು ನೆಕ್ಕಿ ನೆಕ್ಕಿ ಶುಚಿ ಮಾಡಿ ಬಂಡೆಯ ಬುಡಕ್ಕೆ ಕರೆದುಕೊಂಡು ಹೋದಳು. ಕಡವೆಗಳು ಎರಡು ಹೆಜ್ಜೆ ಆಚೆ ಸರಿದು ನಿಂತವು. ನಿಲ್ಲಲಿ ಬಿಡಿ. ಗೆಜ್ಜಿ ಸೀಳಿನೊಳಗೇ ಮೂತಿ ತೂರಿಸಿ ಗಟಗಟ ಕುಡಿದಳು. ತಿಪ್ಪಕ್ಕ ಬಂಡೆಗೆ ಹಣೆ ಉಜ್ಜಿದಳು. ಕಣ್ಣೀರು ತಡೆಯಲಾಗಲಿಲ್ಲ ಅವಳಿಗೆ. ನಮ್ಮವ್ವ ಇದನ್ನು ನೋಡಬೇಕಿತ್ತು ಎಂದುಕೊಂಡಳು.

ಅಂಥ ದಿನಗಳು ಅವಳಿಗೆ ಸಿಕ್ಕಿದ್ದು ಸುಮಾರು ಒಂದು ತಿಂಗಳು.

ಆ ತಿಂಗಳು ಚೆನ್ನಿಗನಿಗೆ ಹಬ್ಬ. ನೀರು ಇಳಿದ ಹಡ್ಲಿನಲ್ಲಿ ಅಲ್ಲೊಂದು ಇಲ್ಲೊಂದು ಗುಂಡಿ ಉಳಿದಿತ್ತು. ಮೀನುಗಳು ಅವುಗಳಲ್ಲಿ ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ಚೆನ್ನಿಗ ಒಣಗಿದ ಅಂಚಿನ ಮೇಲೆ ನಡೆದು ಬಂದು, ಕಾಲು ಒದ್ದೆಯಾಗದ ಹಾಗೆ ಒಂದೊಂದನ್ನೇ ಎತ್ತಿಕೊಂಡು ತಿಂದ. ಕಪ್ಪೆಗಳನ್ನು ತಿಂದ. ಏಡಿಗಳನ್ನು ತಿಂದ. ಮುದಿ ಆಮೆ ಹೊಸ ನೀರು ಹುಡುಕಿಕೊಂಡು ಗುಡ್ಡ ಹತ್ತಲು ಹೋಯಿತು. ಅರ್ಧ ದಾರಿಯಲ್ಲಿ ಅದರ ಬರಿ ಚಿಪ್ಪು ಸಿಕ್ಕಿತು.

ಮೀನು ಮುಗಿದ ಮೇಲೆ ತಿಪ್ಪಕ್ಕನ ಒಂದು ಮರಿ ಕಾಣೆಯಾಯಿತು. ಅವಳು ಗೆಡ್ಡೆ ಅಗೆದು ಬರುವಷ್ಟರಲ್ಲಿ ಹುಲ್ಲಿನ ಗುಡ್ಡೆ ಖಾಲಿ ಬಿದ್ದಿತ್ತು. ನಾಲ್ಕು ದಿನಕ್ಕೆ ಇನ್ನೊಂದು ಹೋಯಿತು. ಮತ್ತೆ ನಾಲ್ಕು ದಿನಕ್ಕೆ ಮೂರನೆಯದು. ತಿಪ್ಪಕ್ಕ ಹುಚ್ಚಿಯ ಹಾಗೆ ಗುಡ್ಡವೆಲ್ಲ ಸುತ್ತಿದಳು. ದಾರಿಯಲ್ಲಿ ಚೆನ್ನಿಗ ಎದುರಾದ.

"ಚಿರತೆ ಇರಬೇಕು ಅಕ್ಕಾ. ಕಾಲ ಕೆಟ್ಟಿದೆ. ನಾನು ನೋಡ್ತಿರ್ತೀನಿ, ನೀನು ಹೋಗಿ ಹೊಟ್ಟೆಗೇನಾದರೂ ತಗೋ" ಎಂದ. ತಿಪ್ಪಕ್ಕ ನಂಬಿದಳು. ನಂಬದೆ ಏನು ಮಾಡ್ತಾಳೆ? ಅವಳನ್ನು ಮೊದಲು ಅಕ್ಕ ಅಂದವನು ಅವನೇ.

ಅಷ್ಟರಲ್ಲಿ ಚಳಿಗಾಲ ಕಳೆದು ಬಿಸಿಲು ಏರಿತು. ಹಂದಿಗಳಿಗೆ ಬೆವರು ಬರುವುದಿಲ್ಲ. ಮೈಗೆ ಕೆಸರು ಹಚ್ಚಿಕೊಂಡರೆ ಮಾತ್ರ ಅವುಗಳ ಮೈ ತಣ್ಣಗಾಗುವುದು. ಈಗ ಕೆಸರೆಲ್ಲಿ? ಹಡ್ಲಿನ ಮೇಲೆ ಸಣ್ಣಗೆ ಬಂದಿದ್ದ ಹುಲ್ಲನ್ನು ಕಾಟಿಗಳು ಹದಿನೈದು ದಿನಕ್ಕೆ ಬೋಳಿಸಿಬಿಟ್ಟಿದ್ದವು. ಮತ್ತೆ ಚಿಗುರಲು ಒಳಗೆ ತೇವ ಇರಲಿಲ್ಲ. ನೆಲ ಬಿರುಕು ಬಿಟ್ಟಿತು. ಎರಡು ಮರಿಗಳ ಬೆನ್ನು ಸುಟ್ಟು ಸಿಪ್ಪೆ ಎದ್ದಿತು. ಒಂದು ಮಧ್ಯಾಹ್ನ ಎರಡೂ ಅವ್ವನ ಹೊಟ್ಟೆಗೆ ಒರಗಿಕೊಂಡೇ ಸತ್ತುಹೋದವು. ತಿಪ್ಪಕ್ಕನಿಗೆ ಸಂಜೆಯವರೆಗೂ ಗೊತ್ತಾಗಲಿಲ್ಲ. ಮಲಗಿವೆ ಅಂದುಕೊಂಡಿದ್ದಳು.

ಉಳಿದವಳು ಗೆಜ್ಜಿ ಒಬ್ಬಳೇ. ಬಡಕಲಾಗಿ ಎಲುಬು ಎಣಿಸುವ ಹಾಗಾಗಿದ್ದಳು. ತಿಪ್ಪಕ್ಕ ಅವಳನ್ನು ಒಂದು ಗಳಿಗೆಯೂ ಬಿಟ್ಟಿರುತ್ತಿರಲಿಲ್ಲ. ಆದರೆ ಒಂದು ದಿನ ಪೊದೆಯ ಬುಡದಲ್ಲಿ ಗೆಡ್ಡೆಯ ವಾಸನೆ ಬಂತು ಅಂತ ನಾಲ್ಕು ಮಾರು ಆಚೆ ಹೋದಳು. ತಿರುಗಿ ನೋಡುವಷ್ಟರಲ್ಲಿ ಗೆಜ್ಜಿ ಕಿರುಚಿಕೊಂಡು ಹಡ್ಲಿನ ನಡುವೆ ಓಡುತ್ತಿದ್ದಳು. ಅವಳ ಬೆನ್ನ ಹಿಂದೆ ಹಳದಿ ಬಣ್ಣದ್ದೊಂದು ಹಾರಿ ಹಾರಿ ಬರುತ್ತಿತ್ತು. ಚಿರತೆಯಲ್ಲ. ಚೆನ್ನಿಗ.

ಹಡ್ಲಿನ ನಟ್ಟನಡುವೆ ಒಂದು ಜಾಗ ಇತ್ತು. ಅಲ್ಲಿ ಮಣ್ಣು ಆಳ. ಮೇಲೆ ಒಂದು ಅಂಗುಲ ದಪ್ಪಕ್ಕೆ ಗಟ್ಟಿಯಾಗಿ ಹಕ್ಕಳೆಗಟ್ಟಿತ್ತು, ಒಳಗೆ ಮಾತ್ರ ಇನ್ನೂ ಅಂಟು ಕೆಸರು. ಎಲುಬಿನ ಗೂಡಾಗಿದ್ದ ಗೆಜ್ಜಿ ಅದರ ಮೇಲೆ ಟಕಟಕ ಓಡಿ ಆಚೆ ದಾಟಿದಳು. ಮೀನು ತಿಂದು, ಏಡಿ ತಿಂದು, ಅವಳ ಅಣ್ಣಂದಿರನ್ನೂ ತಿಂದು ಕೊಬ್ಬಿದ್ದ ಚೆನ್ನಿಗ ಒಂದೇ ನೆಗೆತಕ್ಕೆ ಅದರ ಮೇಲೆ ಬಿದ್ದ. ಹಕ್ಕಳೆ ಒಡೆಯಿತು. ಅವನು ಕುತ್ತಿಗೆಯವರೆಗೆ ಇಳಿದುಬಿಟ್ಟ.

ತಿಪ್ಪಕ್ಕ ಓಡಿ ಬಂದು ಅಂಚಿನಲ್ಲಿ ನಿಂತಳು.

"ಅಕ್ಕಾ! ಒಳ್ಳೆ ಹೊತ್ತಿಗೆ ಬಂದೆ! ಮಗೂ ಬೀಳ್ತಾಳೇನೋ ಅಂತ ಹಿಡಿಯೋಕೆ ಬಂದೆ ಅಕ್ಕಾ. ಎಳಿ ನನ್ನ, ಬೇಗ ಎಳಿ!"

ತಿಪ್ಪಕ್ಕ ಅವನನ್ನೇ ನೋಡಿದಳು. "ನನ್ನ ಮಕ್ಕಳನ್ನ ತಿಂದದ್ದು ನೀನಾ?"

"ದೇವರಾಣೆಗೂ ಇಲ್ಲ ಅಕ್ಕಾ. ಐದನ್ನೂ ನಾನೇ ತಿಂದೆ ಅಂತ ಹೇಳ್ತೀಯಾ? ಮೂರೇ ಮೂರು..." ಎಂದವನು ಬಾಯಿ ಮುಚ್ಚಿಕೊಂಡ.

ಚೆನ್ನಿಗ ಇನ್ನೊಂದು ಬೆರಳಷ್ಟು ಇಳಿದ.

"ಹೊಟ್ಟೆಪಾಡು ಅಕ್ಕಾ! ಅದೂ ಅಲ್ಲದೆ ದಿಬ್ಬ ಒಡೆದವಳು ನೀನು, ನಾನಾ ಒಡೆದದ್ದು? ನಾನು ಬಂದು ಹೇಳಿದೆ ಅಷ್ಟೇ. ನೀನು ಬೇಡ ಅನ್ನಬಹುದಿತ್ತು!"

ಆ ಮಾತು ತಿಪ್ಪಕ್ಕನ ಕರುಳಿಗೇ ನಾಟಿತು. ಯಾಕೆಂದರೆ ಆ ಬೆಕ್ಕು ತನ್ನ ಜನ್ಮದಲ್ಲಿ ಆಡಿದ ನಿಜವಾದ ಮಾತು ಅದೊಂದೇ. "ಹೌದು ಕಣಪ್ಪಾ, ಅನ್ನಬಹುದಿತ್ತು" ಎಂದಳು ಅವಳು. ಗೆಜ್ಜಿಯನ್ನು ಕರೆದುಕೊಂಡು ಅಲ್ಲಿಂದ ಹೊರಟಳು. ಚೆನ್ನಿಗ ಬಯ್ದ, ಅತ್ತ, ಆಣೆ ಹಾಕಿದ. ಮೂರು ದಿನ ಬಿಸಿಲು ಬಿತ್ತು. ಕೆಸರು ಅವನ ಸುತ್ತ ಕಲ್ಲಿನ ಹಾಗೆ ಗಟ್ಟಿಯಾಯಿತು. ಕಾಲು ಒದ್ದೆಯಾಗಬಾರದು ಅಂತಿದ್ದವನು ಕುತ್ತಿಗೆಮಟ್ಟ ಕೆಸರಿನಲ್ಲೇ ಸತ್ತ. ಅವನು ಸತ್ತ ಅಂತ ಒಂದು ಹನಿ ನೀರೂ ವಾಪಸ್ಸು ಬರಲಿಲ್ಲ.

ಬಂಡೆಯ ನೀರು ಆಗಲೇ ಸಣ್ಣಗಾಗಿತ್ತು. ಮೊದಲು ಹಳ್ಳ ನಿಂತಿತು. ಆಮೇಲೆ ಬುಡದ ಗುಂಡಿ ಬತ್ತಿತು. ಆಮೇಲೆ ಸೀಳಿನಿಂದ ಹನಿ ಹನಿ ಬಿತ್ತು. ಪ್ರಾಣಿಗಳು ಹಗಲೆಲ್ಲ ಸಾಲಾಗಿ ನಿಂತು ಒಂದೊಂದು ಹನಿಗೂ ನಾಲಿಗೆ ಚಾಚಿದವು. ಎಷ್ಟು ಹಣೆ ಉಜ್ಜಿದರೂ ತಾಯಿ ಕಣ್ಣು ಬಿಡಲಿಲ್ಲ. ಒಂದು ಬೆಳಿಗ್ಗೆ ಆ ಹನಿಯೂ ನಿಂತಿತು.

ಕಾಟಯ್ಯ ತಿಪ್ಪಕ್ಕನಿಗೆ ಹೇಳಿ ಕಳಿಸಿದ. ಅವಳು ಗೆಜ್ಜಿಯನ್ನು ಕರೆದುಕೊಂಡು ಬಂದಳು. ಹಿಂಡು ದಾರಿ ಬಿಟ್ಟಿತು. ಕಡವೆಗಳು ಕೂಡ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟವು.

"ತಿಪ್ಪಕ್ಕಾ, ಮಣ್ಣಿನೊಳಗಿನ ನೀರು ನಿನ್ನ ಮೂತಿಗೆ ಗೊತ್ತಾಗುತ್ತಂತೆ. ಸ್ವಲ್ಪ ನೋಡವ್ವಾ. ಎಲ್ಲಿ ಅಗೆದರೆ ಬರುತ್ತೆ ಹೇಳು. ನಮ್ಮ ಕರುಗಳು ಸಾಯ್ತಿದ್ದಾವೆ" ಎಂದ ಕಾಟಯ್ಯ. ಅವನ ಪಕ್ಕೆಯ ಎಲುಬು ಎದ್ದು ಕಾಣುತ್ತಿತ್ತು.

ತಿಪ್ಪಕ್ಕ ಬಂಡೆಯ ಬುಡದಲ್ಲಿ ಮೂತಿ ಒತ್ತಿ ತುಂಬ ಹೊತ್ತು ನಿಂತಳು. ಬಿಸಿ ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಇಲ್ಲಿ ಏನೂ ಇಲ್ಲ ಅಯ್ಯಾ. ಇಲ್ಲಿ ಯಾವತ್ತೂ ಏನೂ ಇರಲಿಲ್ಲ. ಇದು ಬರೀ ಕಲ್ಲು. ನೀರು ಇದ್ದದ್ದು ನಮ್ಮ ಕೆಸರಿನಲ್ಲಿ" ಎಂದಳು.

ಈ ಸಲ ಯಾರೂ ನಗಲಿಲ್ಲ. ಥೂ ಎಂದೂ ಅನ್ನಲಿಲ್ಲ.

"ಅವತ್ತೇ ಯಾಕೆ ಗಟ್ಟಿಯಾಗಿ ಹೇಳಲಿಲ್ಲ?" ಎಂದ ಕಾಟಯ್ಯ.

"ಹೇಳಿದೆ. ನೀವು ಕಣ್ಣು ಕೆಂಪಗೆ ಮಾಡಿದಿರಿ. ನನಗೆ ಈ ಜಾಗ ಬೇಕಿತ್ತು, ಸುಮ್ಮನಾದೆ."

ಕಾಟಯ್ಯ ತಲೆ ತಗ್ಗಿಸಿದ. "ದಿಬ್ಬ ಮತ್ತೆ ಕಟ್ಟೋಕಾಗಲ್ವಾ?" ಎಂದು ಒಂದು ಜಿಂಕೆ ಕೇಳಿತು. ಕೇದಿಗೆ ಬೇರು ಹೆಣೆದುಕೊಳ್ಳಲು ಎಷ್ಟು ತಲೆಮಾರು ಬೇಕು ಅಂತ ಹೇಳುವವರು ಯಾರು? ಕೆಸರು ಸೇರಲು ಎಷ್ಟು ಮಳೆ ಬೇಕು? ಮುದಿ ಆಮೆ ಇದ್ದಿದ್ದರೆ ಹೇಳುತ್ತಿತ್ತೇನೋ.

ಅವತ್ತು ಮಧ್ಯಾಹ್ನದ ಒಳಗೆ ಹಿಂಡುಗಳು ಹೊರಟವು. ಉದ್ದ ಕಾಲಿನವರು, ಗುಡ್ಡ ದಾಟಿ ಎರಡು ದಿನ ನಡೆದರೆ ದೊಡ್ಡ ಹೊಳೆ ಸಿಗಬಹುದು. ಕಾಟಯ್ಯ ತಿರುಗಿ ನೋಡಿ, "ನೀನೂ ಬಾ ತಿಪ್ಪಕ್ಕ" ಎಂದ. ಅವಳು ಗೆಜ್ಜಿಯ ಕಾಲು ನೋಡಿದಳು. ಅವು ನಿಂತಲ್ಲೇ ನಡುಗುತ್ತಿದ್ದವು. ಈ ಬಿಸಿಲಿನಲ್ಲಿ, ಮೈಗೆ ಹಚ್ಚಿಕೊಳ್ಳಲು ಒಂದು ಹಿಡಿ ಕೆಸರಿಲ್ಲದೆ, ಮಗಳು ಮೊದಲನೆಯ ಗುಡ್ಡವನ್ನೂ ದಾಟುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನೀವು ನಡೀರಿ ಅಯ್ಯಾ" ಎಂದಳು.

ಧೂಳು ಎದ್ದಿತು, ಧೂಳು ಇಳಿಯಿತು. ಹಾಲುಬಂಡೆಯ ಹತ್ತಿರ ತಾಯಿ ಮಗಳು ಇಬ್ಬರೇ ಉಳಿದರು. ತಿಪ್ಪಕ್ಕ ಬಿಸಿಲಿಗೆ ಅಡ್ಡ ನಿಂತು ತನ್ನ ಮೈಯ ನೆರಳನ್ನು ಮಗಳ ಮೇಲೆ ಬೀಳಿಸಿದಳು. ಗೆಜ್ಜಿ ಮೆಲ್ಲಗೆ ಹೋಗಿ ಬಂಡೆಯ ಬುಡದಲ್ಲಿ, ಹಿಂದೆ ಕಾಟಯ್ಯ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. ಒಣಗಿದ ಸೀಳಿಗೆ ಮೂತಿ ಇಟ್ಟಳು. ಆಮೇಲೆ ತಿರುಗಿ ಅವ್ವನ ಮುಖ ನೋಡಿದಳು.

"ಅವ್ವಾ, ಇವತ್ತು ನಮ್ಮನ್ನ ಯಾರೂ ಓಡಿಸಲೇ ಇಲ್ಲ ಅಲ್ವಾ?" ಎಂದಳು.

ಮಳೆಗಾಲಕ್ಕೆ ಇನ್ನೂ ಎರಡು ತಿಂಗಳಿತ್ತು.

ನೀತಿ: ಇತರರು ನಮ್ಮನ್ನು ಒಪ್ಪಲಿ ಎಂಬ ಆಸೆಗೆ ನಮಗೆ ಗೊತ್ತಿರುವ ನಿಜವನ್ನು ನುಂಗಿ, ನಮ್ಮನ್ನು ಸಾಕಿದ ನೆಲವನ್ನೇ ಕೆಡಿಸಿದರೆ, ಕೊನೆಗೆ ಮರ್ಯಾದೆ ಸಿಕ್ಕರೂ ಬದುಕು ಉಳಿಯುವುದಿಲ್ಲ.